ಗೀರು ಬಿದ್ದ ಹೆಲ್ಮೆಟ್ಟು

ವಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದವರು ಕಾಲು ತೊಳೆದುಕೊಂಡು ಒಳಗೆ ಬಂದ ಮೇಲೆ, ಕೂಡ್ರುವುದಕ್ಕಿಂತ ಮೊದಲು, ಪಡಸಾಲೆಯ ಗೂಟಕ್ಕೆ ತೂಗುಹಾಕಿದ ನನ್ನ ಹೆಲ್ಮೆಟ್ಟನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡುತ್ತಾರೆ. ಕುಂಬಾರನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೊಡ ಬಡಿದು ನೋಡುತ್ತಾರಲ್ಲ, ಹಾಗೆ. ಅದು 'ಟಕ್' ಎಂದ ಮೇಲೆ ಅವರ ದೃಷ್ಟಿ ನನ್ನ ತಲೆಯ ಕಡೆಗೆ ಹೊರಳುತ್ತದೆ. ಅದನ್ನೂ ಒಮ್ಮೆ ಬಡಿದು ನೋಡಿ ಯಾವುದು ಹೆಚ್ಚು ಟೊಳ್ಳೆಂದು ತೀರ್ಮಾನಿಸುವ ಆಸೆ ಅವರಿಗೆ ಇದ್ದೇ ಇರುತ್ತದೆ, ಮನೆಯ ಯಜಮಾನನೆಂಬ ಮರ್ಯಾದೆಗೆ ಅಂಜಿ ಸುಮ್ಮನಾಗುತ್ತಾರೆ ಎಂಬುದು ನನ್ನ ಗುಮಾನಿ.

ಗುಮಾನಿ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದೆ. ನಮ್ಮ ಮನೆತನಕ್ಕೆ ಕುಲದೇವರು ಬೇರೆ ಇದ್ದರೂ ನಿತ್ಯಪೂಜೆ ಸಲ್ಲುವುದು ಸಂಶಯಕ್ಕೆ. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚಾಗಿದೆ ಎನ್ನುವವಳು ನಮ್ಮವ್ವ. ನಗದಿದ್ದರೆ ನೀರು ಹಾಕಿದ್ದಕ್ಕೆ ಪಶ್ಚಾತ್ತಾಪಪಡುತ್ತಿದ್ದಾನೆ ಎನ್ನುವವನು ನಾನು. ಧಾರವಾಡಕ್ಕೆ ಹೋಗಿ ಪದವಿ ತಂದದ್ದರಿಂದ ನನ್ನ ಸಂಶಯಗಳ ಭಾಷೆ ಸುಧಾರಿಸಿತೇ ಹೊರತು ಅವುಗಳ ಸಂತಾನವೃದ್ಧಿಯೇನೂ ನಿಲ್ಲಲಿಲ್ಲ.

ತಲೆ ಮುಚ್ಚಿಕೊಳ್ಳುವುದನ್ನು ವಿಜಾಪುರ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ, ನೋಡಿ. ನಮ್ಮಲ್ಲಿ ಒಕ್ಕಲಿಗನಿಗೆ ರುಮಾಲು, ವ್ಯಾಪಾರಸ್ಥನಿಗೆ ಕರಿ ಟೊಪ್ಪಿಗೆ, ಹೆಣ್ಣುಮಕ್ಕಳಿಗೆ ಸೆರಗು, ಇದಾವುದೂ ಇಲ್ಲದವನಿಗೆ ಹಸಿ ಮಾಡಿದ ಟಾವೆಲ್ಲು. ಝಳ ಬಡಿಯಬಾರದೆಂದು ರುಮಾಲಿನ ಮಡಿಕೆಯಲ್ಲಿ ಒಂದು ಉಳ್ಳಾಗಡ್ಡಿಯನ್ನೂ ಇಟ್ಟುಕೊಂಡು ಹೊಲಕ್ಕೆ ಹೋಗುವ ಜನ ನಾವು. ಇಷ್ಟೆಲ್ಲ ಶಿರೋಭೂಷಣಗಳನ್ನು ಚಕಾರವೆತ್ತದೆ ಹೊತ್ತವರಿಗೆ ಹೆಲ್ಮೆಟ್ಟೊಂದರ ಮೇಲೆ ಮಾತ್ರ ವಿಶ್ವಾಸ ಹುಟ್ಟಲಿಲ್ಲ. ರುಮಾಲು ಇರುವುದು ಬಿಸಿಲಿಗೆ, ಟೊಪ್ಪಿಗೆ ಇರುವುದು ಮರ್ಯಾದೆಗೆ, ಇದು ಇರುವುದು ಯಾತಕ್ಕೆ? ಬೀಳುವುದಕ್ಕೆ. ಬೀಳುವ ತಯಾರಿ ಮಾಡಿಕೊಂಡೇ ಮನೆಯಿಂದ ಹೊರಡುವ ಮನುಷ್ಯನನ್ನು ಯಾವ ಊರು ನಂಬುತ್ತದೆ ಹೇಳಿ.

ನಮ್ಮದು ಎಣ್ಣೆ ಎಂಜಿನ್ನಿನ ಪಂಪು ಮಾರುವ ಅಂಗಡಿ. ಪಂಪು ಮಾರಿದರೆ ಕೆಲಸ ಮುಗಿಯುವುದಿಲ್ಲ. ಅದು ಬಾವಿಯ ದಂಡೆಯ ಮೇಲೆ ಮುನಿಸಿಕೊಂಡು ಕೂತಾಗಲೆಲ್ಲ ಹೋಗಿ ರಮಿಸಬೇಕು. ಅದಕ್ಕಾಗಿ ನಾನು ಒಂದು ಮೋಟಾರ್ ಸೈಕಲ್ಲನ್ನು, ಅಂದರೆ ನಮ್ಮ ಕಡೆಯವರ ಫಟಫಟಿಯನ್ನು ಕೊಂಡೆ. ಅದು ಅಂಗಳಕ್ಕೆ ಬಂದ ದಿನದಿಂದ ಅವ್ವ ಒಂದು ವ್ರತ ಹಿಡಿದಳು: ನಾನು ತಿಕೋಟಾ, ಬಬಲೇಶ್ವರದ ಹಾದಿ ಹಿಡಿದರೆ, ತಿರುಗಿ ಬಂದು ಗಾಡಿ ನಿಲ್ಲಿಸುವವರೆಗೆ ಅವಳು ಊಟಕ್ಕೆ ಕೂಡ್ರುವುದಿಲ್ಲ. ಇದಕ್ಕೆ ಕಾರಣವಿತ್ತು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ತಿಕೋಟಾದ ಸಂತೆಗೆಂದು ಸೈಕಲ್ಲಿನ ಮೇಲೆ ಹೋದವನು, ಇಟ್ಟಂಗಿಹಾಳದ ಆಚೆ ಚಕ್ಕಡಿಗೆ ಹಾದಿ ಬಿಡಲು ಹೋಗಿ ಬಿದ್ದ. ತಲೆ ಮೈಲಿಗಲ್ಲಿಗೆ ಬಡಿಯಿತು. ಅವನನ್ನು ಹೊತ್ತು ತರುವುದಕ್ಕಿಂತ ಮೊದಲು ಯಾರೋ ಪುಣ್ಯಾತ್ಮರು ಅವನ ಟೊಪ್ಪಿಗೆಯನ್ನು ತಂದು ಅವ್ವನ ಕೈಯಲ್ಲಿಟ್ಟರು. ಅದಕ್ಕೆ ಒಂದು ಗೀರೂ ಇರಲಿಲ್ಲ. ಧೂಳು ಜಾಡಿಸಿದರೆ ಹೊಸದರ ಹಾಗೇ ಇತ್ತು. ಅಂದಿನಿಂದ ಅದು ಪಡಸಾಲೆಯ ದೇವರ ಕಡೆಯ ಗೋಡೆಗೆ ಇದೆ.

ಅವ್ವನ ಉಪವಾಸ ಬಿಡಿಸಲೆಂದೇ ನಾನು ಹೆಲ್ಮೆಟ್ಟಿನ ಶೋಧಕ್ಕೆ ತೊಡಗಿದ್ದು. ಆಗ ವಿಜಾಪುರದಲ್ಲಿ ಗುಮ್ಮಟವನ್ನು ಬಿಟ್ಟರೆ ದುಂಡಗಿನ ಗಟ್ಟಿ ವಸ್ತು ಸುಲಭಕ್ಕೆ ಸಿಗುತ್ತಿರಲಿಲ್ಲ. ಕೊನೆಗೆ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ, ಗಾಜು ಒಡೆದ ಕಂದೀಲು, ಕೀಲಿ ಕಳೆದ ಟ್ರಂಕುಗಳ ನಡುವೆ ಹಸಿರು ಬಣ್ಣದ್ದೊಂದು ಕಂಡಿತು. ಅದರ ಎಡಗಿವಿಯ ಮೇಲೆ ಅಂಗೈ ಉದ್ದದ ಗೀರು. ಗೀರಿನ ಕೊನೆಗೆ ಹೆಬ್ಬೆರಳು ಕೂಡ್ರುವಷ್ಟು ತಗ್ಗು. ಎಲ್ಲಿಯದೆಂದು ಕೇಳಿದರೆ ಅಂಗಡಿಯವನು "ತಿಕೋಟಾ ಕಡೀಂದ ಬಂದೈತ್ರಿ" ಎಂದನೇ ಹೊರತು ಮುಂದೆ ತುಟಿ ಬಿಚ್ಚಲಿಲ್ಲ. ತನ್ನ ಸರಕನ್ನು ಹೊಗಳದ ವ್ಯಾಪಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಸಂಶಯ ಬಂತು, ಆದರೂ ತಂದೆ.

ಅವ್ವ ಅದನ್ನು ಹೊಸ್ತಿಲು ದಾಟಗೊಡಲಿಲ್ಲ. ಮುಟ್ಟದೆ, ಸುತ್ತಲೂ ಬಾಗಿ ಬಾಗಿ ನೋಡಿ, ಗೀರಿನ ಹತ್ತಿರ ಬಂದು ನಿಂತು ಒಂದೇ ಮಾತು ಕೇಳಿದಳು.

"ಇದರ ತಲಿ ಎಲ್ಲೈತಿ?"

ನಗಬೇಕೆಂದುಕೊಂಡೆ, ನಗೆ ಬರಲಿಲ್ಲ. ತಲೆ ಕ್ಷೇಮವಾಗಿದ್ದರೆ ಅದರ ಮುಚ್ಚಳ ಗುಜರಿಗೆ ಯಾಕೆ ಬಂದೀತು? ತಲೆಗಿಂತ ಮೊದಲು ಟೊಪ್ಪಿಗೆಯನ್ನು ಬರಮಾಡಿಕೊಂಡ ಹೆಣ್ಣುಮಗಳಿಗೆ ಬೇರೆ ಏನು ಹೊಳೆದೀತು? "ಹಾಕ್ಕೊಂಡಾಂವ ಅದಾನೋ ಇಲ್ಲೋ ತಿಳಕೊಂಡು ಬಾ" ಅಂದಳು. "ಇದ್ದರ ನೀನೂ ಹಾಕ್ಕೋ. ಇಲ್ಲಂದ್ರ ಇದನ್ನೂ ಬಿಡು, ಫಟಫಟೀನೂ ಬಿಡು." ಫಟಫಟಿ ಬಿಡುವುದೆಂದರೆ ಹಳ್ಳಿಯ ಗಿರಾಕಿಗಳನ್ನು ಬಿಡುವುದು, ಅವರನ್ನು ಬಿಡುವುದೆಂದರೆ ಅಂಗಡಿಯನ್ನೇ ಬಿಡುವುದು. ಹೀಗೆ ನಮ್ಮ ಮನೆಯ ಒಲೆ ಮತ್ತು ಅವ್ವನ ನೆಮ್ಮದಿ ಎರಡೂ ಯಾರೋ ಅಪರಿಚಿತನ ಉಸಿರಿಗೆ ಗಂಟುಬಿದ್ದವು.

ಮರುದಿನ ಮುಂಜಾನೆ ಹೆಲ್ಮೆಟ್ಟನ್ನು ಹ್ಯಾಂಡಲಿಗೆ ಕಟ್ಟಿಕೊಂಡು ಹೊರಟೆ. ಅವ್ವ ಬಾಗಿಲಿಗೆ ಬಂದು ನನ್ನ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ತುರುಕಿದಳು. ಇಟ್ಟಂಗಿಹಾಳ ದಾಟಿತು. ಆ ಮೈಲಿಗಲ್ಲು ಕಂಡೊಡನೆ ಗಾಡಿ ನಿಲ್ಲಿಸಿ ಹೆಲ್ಮೆಟ್ಟು ಬಿಚ್ಚಿ ತಲೆಗೆ ಏರಿಸಿದೆ. ಅದು ಸತ್ತವನದಾಗಿರಬಹುದೆಂಬ ಅಂಜಿಕೆಗಿಂತ ಕಲ್ಲಿನ ಅಂಜಿಕೆ ದೊಡ್ಡದಾಗಿತ್ತು. ಒಳಗೆ ಹೋದ ಮೇಲೆ ಅದೊಂದು ಬೇರೆಯೇ ಲೋಕ. ಬೇಸಿಗೆಯ ಬಿಸಿಲು ಮೇಲಿಂದ ಕಾಯಿಸುತ್ತದೆ, ಬೆವರು ಹಣೆಯಿಂದ ಇಳಿದು ಕಣ್ಣಿಗೆ ಉಪ್ಪು ಸವರುತ್ತದೆ, ಕಿವಿಯಲ್ಲಿ ನಮ್ಮ ಉಸಿರೇ ಇನ್ನೊಬ್ಬನ ಉಸಿರಿನ ಹಾಗೆ ಕೇಳುತ್ತದೆ. ಸಾಲದ್ದಕ್ಕೆ ಒಳಗೆ ಹೊಲಿದ ಅರಿವೆಗೆ ಯಾರದೋ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಆ ಎಣ್ಣೆ ಹಚ್ಚಿಕೊಂಡ ತಲೆ ಈಗ ಎಲ್ಲಿದ್ದೀತೆಂದು ಯೋಚಿಸುತ್ತ ತಿಕೋಟಾದ ಕಡೆಗೆ ಹೋದೆ.

ಹಾದಿಯುದ್ದಕ್ಕೂ ಜನ ನನ್ನನ್ನು ಕಂಡ ರೀತಿಯನ್ನು ಹೇಳದಿದ್ದರೆ ಅನ್ಯಾಯವಾದೀತು. ಊರಿಗೆ ಹೊಸ ವೇಷದವನು ಬಂದರೆ ಗಂಡಸರನ್ನು ಹಿಡಿದು ಮಕ್ಕಳಾಗದ ಹಾಗೆ 'ಆಪರೇಶನ್' ಮಾಡಿಸಲು ಬಂದವನೆಂದು ತಿಳಿಯುತ್ತಿದ್ದ ಕಾಲ ಅದು. ದ್ರಾಕ್ಷಿ ಪಡದ ಬದಿಗೆ ಬೀಡಿ ಸೇದುತ್ತ ಕೂತಿದ್ದ ಇಬ್ಬರು ನನ್ನ ಹಸಿರು ತಲೆಯನ್ನು ನೋಡಿದ್ದೇ ತಡ, ಬೀಡಿ ಒಗೆದು ಬಳ್ಳಿಗಳ ನಡುವೆ ಮಾಯವಾದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವರು ಹೆಗಲನ್ನಲ್ಲ, ಧೋತರವನ್ನು ಬಿಗಿಮಾಡಿಕೊಂಡು ಓಡಿದರು.

ತಿಕೋಟಾದ ಚಹಾದಂಗಡಿಯಲ್ಲಿ ಹೆಲ್ಮೆಟ್ಟು ತೆಗೆದಾಗ ನನ್ನ ತಲೆ ಕುದಿಸಿದ ಗೆಣಸಿನ ಹಾಗೆ ಹಬೆಯಾಡುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕ ನನ್ನನ್ನು ಬಿಟ್ಟು ಮೇಜಿನ ಮೇಲಿನ ಅದನ್ನೇ ದಿಟ್ಟಿಸಿ ನೋಡಿ, "ಇದು ಬಬಲೇಶ್ವರದ ಗುರಪ್ಪಂದಲ್ಲೇನು? ಎಮ್ಮಿಗಿ ಹಾಯ್ದು ಬಿದ್ದನಲ್ಲ, ಆ ಗುರಪ್ಪಂದು" ಅಂದ. ಬಿದ್ದ ಮೇಲೆ ಏನಾಯಿತೆಂದು ಕೇಳುವಷ್ಟರಲ್ಲಿ ಬಸ್ಸು ಬಂತು. ಮುದುಕ "ಅಯ್ಯ, ಅದೊಂದು ದೊಡ್ಡ ಕಥಿ ಬಿಡ್ರಿ" ಎಂದು ಓಡಿದ. ಸಣ್ಣ ಕಥೆಯಾಗಿದ್ದರೆ ನಾನು ಚಹಾ ಮುಗಿಸುತ್ತಿದ್ದೆ. ದೊಡ್ಡ ಕಥೆಗಳು ಸಾಮಾನ್ಯವಾಗಿ ಎಲ್ಲಿ ಮುಗಿಯುತ್ತವೆಂಬುದು ಗೊತ್ತಿದ್ದರಿಂದ ಅರ್ಧ ಕಪ್ಪು ಅಲ್ಲಿಯೇ ಬಿಟ್ಟು ಎದ್ದೆ.

ಬಬಲೇಶ್ವರದಲ್ಲಿ ಗುರಪ್ಪನ ಮನೆ ತೋರಿಸಿದವರು ನನ್ನ ಕೈಯಲ್ಲಿಯ ಹೆಲ್ಮೆಟ್ಟನ್ನು ನೋಡಿ ಮುಸಿಮುಸಿ ನಕ್ಕರು. ಸತ್ತವನ ಮನೆ ತೋರಿಸುವಾಗ ಯಾರೂ ನಗುವುದಿಲ್ಲವೆಂಬ ಒಂದು ಆಶೆ. ಆದರೆ ಈ ಊರವರ ಸ್ವಭಾವ ನನಗೇನು ಗೊತ್ತು ಎಂಬ ಇನ್ನೊಂದು ಅನುಮಾನ. ಬಾಗಿಲ ಮುಂದೆ ಒಂದು ಫಟಫಟಿ ನಿಂತಿತ್ತು. ಅದರ ಪಕ್ಕದಲ್ಲಿ ಬೆಳ್ಳಗಿನ ರುಮಾಲು ಸುತ್ತಿಕೊಂಡು, ದೊಡ್ಡ ಮೀಸೆಯ ಗಟ್ಟಿಮುಟ್ಟಾದ ಆಸಾಮಿಯೊಬ್ಬ ಚಕ್ರ ತೊಳೆಯುತ್ತಿದ್ದ. ಗುರಪ್ಪ ಯಾರೆಂದು ಕೇಳಿದೆ. "ನಾನಽ" ಅಂದ. ಅಷ್ಟು ಸಣ್ಣ ಉತ್ತರದಿಂದ ಅಷ್ಟು ದೊಡ್ಡ ಸಮಾಧಾನ ನನಗೆ ಜೀವನದಲ್ಲಿ ಮತ್ತೊಮ್ಮೆ ಆಗಿಲ್ಲ. ಅಪ್ಪಿಕೊಳ್ಳಬೇಕೆನಿಸಿತು, ಅವನ ಮೀಸೆ ನೋಡಿ ನಮಸ್ಕಾರದಲ್ಲಿ ಮುಗಿಸಿದೆ.

ಅವನಿಗೆ ಮಾತ್ರ ಹೆಲ್ಮೆಟ್ಟು ಕಂಡು ಸಂತೋಷವಾಗಲಿಲ್ಲ. ಮಿಲಿಟರಿಯಲ್ಲಿರುವ ಮೈದುನ ತಂದುಕೊಟ್ಟಿದ್ದನಂತೆ. ಅದನ್ನು ಯಾಕೆ ಮಾರಿದಿರೆಂದು ಕೇಳಿದ್ದಕ್ಕೆ ಅವನು ಕೊಟ್ಟ ತರ್ಕದಲ್ಲಿ ನನ್ನ ಪದವಿಗೂ ಬಿರುಕು ಕಾಣಲಿಲ್ಲ: "ಸಾವಕಾರ್ರ, ಇದನ್ನ ಹಾಕ್ಕೊಳ್ಳೂಕಿಂತ ಮೊದಲ ನಾ ಎಂದಾದ್ರೂ ಬಿದ್ದಿದ್ನೇನ್ರಿ? ಹಾಕ್ಕೊಂಡೆ, ಬಿದ್ದೆ. ಮಾರಿದೆ, ಮುಂದ ಬಿದ್ದಿಲ್ಲ." ತನ್ನನ್ನು ಬೀಳಿಸಿದ್ದು ಎಮ್ಮೆಯಲ್ಲ, ಈ ಹಸಿರು ಅಪಶಕುನ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಇಷ್ಟು ದಿನ ಸಂಶಯದಲ್ಲಿ ನಮ್ಮ ಮನೆತನವೇ ಶ್ರೇಷ್ಠವೆಂದು ತಿಳಿದಿದ್ದ ನಾನು ಮನಸ್ಸಿನಲ್ಲಿಯೇ ಅವನಿಗೆ ಜಾಗ ಬಿಟ್ಟುಕೊಟ್ಟೆ.

ಅಷ್ಟರಲ್ಲಿ ನೀರಿನ ತಂಬಿಗೆ ಹಿಡಿದು ಅವನ ಹೆಂಡತಿ ನೀಲವ್ವ ಹೊರಗೆ ಬಂದಳು. ಕಟ್ಟೆಯ ಮೇಲೆ ಕೂತಿದ್ದ ನನ್ನ ತೊಡೆಯ ಮೇಲಿದ್ದದ್ದನ್ನು ನೋಡಿದಳು. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಕೇಳದೆ ಹೇಳದೆ ಅದನ್ನು ಎತ್ತಿಕೊಂಡಳು. ಅವಳ ಹೆಬ್ಬೆರಳು ಹುಡುಕಾಡದೆ ನೇರ ಹೋಗಿ ಆ ತಗ್ಗಿನಲ್ಲಿ ಕೂತಿತು.

"ಕಲ್ಲಿಗಿ ಬಡದಿದ್ದು ಇದು" ಅಂದಳು. "ಎದ್ದು ಹೋಗಿ ಎಮ್ಮಿ ಮಾಲಕನ ಜೋಡಿ ಜಗಳಾ ಆಡಿದ್ದು ಇವರು. ನನಗ ಹೇಳದ ಮಾರಿ ಬಂದ್ರು. ಆವತ್ತಿಂದ ಇವರು ಗಾಡಿ ಚಾಲೂ ಮಾಡಿದ್ರ ಸಾಕು, ತಿರುಗಿ ಬರೂತನಕಾ ನನಗ ತುತ್ತು ಇಳಿಯಂಗಿಲ್ಲ. ಇದನ್ನ ನಮಗ ಕೊಟ್ಟು ಹೋಗ್ರಿ, ಯಣ್ಣಾ."

ಗಂಡಹೆಂಡಿರು ಮೊದಲೇ ಮಾತಾಡಿಕೊಂಡು ನಾಟಕ ಹೂಡಿರಬಹುದೇ ಎಂದು ನಾನು ಒಂದು ಕ್ಷಣ ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಹುಟ್ಟುಗುಣ ಅಷ್ಟು ಬೇಗ ಹೋಗುವುದಿಲ್ಲ. ಆದರೆ ತುತ್ತು ಇಳಿಯದ ಇನ್ನೊಬ್ಬಳು ಜೋರಾಪುರ ಪೇಟೆಯಲ್ಲಿ ಅದೇ ಹೊತ್ತಿಗೆ ಒಲೆಯ ಮುಂದೆ ಕೂತಿದ್ದಳು. ಅವಳಿಗಾಗಿ ಬೇಕಿದ್ದ ಉತ್ತರ ನನಗೆ ಸಿಕ್ಕಾಗಿತ್ತು. ಹೆಲ್ಮೆಟ್ಟಿಗಾಗಿ ಕೈ ಚಾಚಿದೆ, ನೀಲವ್ವನ ಹಿಡಿತ ಸಡಿಲಾಗಲಿಲ್ಲ. ನಾನೇ ಕೈ ಹಿಂದೆ ತೆಗೆದುಕೊಂಡೆ. ಅವಳು ಅಲ್ಲಿಯೇ ಅದನ್ನು ಗಂಡನ ತಲೆಯ ಮೇಲೆ ಇಟ್ಟಳು. ರುಮಾಲಿನ ಮೇಲೆ ಅದು ಕೂಡ್ರದೆ ಓಲಾಡಿತು. "ತಲಿ ಗಟ್ಟಿ ಐತಂತ ಬಂಡಿಗಲ್ಲಿಗಿ ಹಾಯೂದೇನು?" ಎಂದು ಬೈಯುತ್ತ ರುಮಾಲು ಬಿಚ್ಚಿಸಿದಳು. ಅಷ್ಟು ದೊಡ್ಡ ಮೀಸೆಯ ಗುರಪ್ಪ ಚೌರಕ್ಕೆ ಕೂತವನ ಹಾಗೆ ತಲೆ ಬಗ್ಗಿಸಿ ಕೊಟ್ಟ.

ತಿರುಗಿ ಬರುವಾಗ ನನ್ನ ತಲೆಯ ಮೇಲೆ ಅವರ ಮನೆಯ ಹಸಿ ಟಾವೆಲ್ಲಿತ್ತು, ಕಿಸೆಯಲ್ಲಿ ಅವ್ವನ ಉಳ್ಳಾಗಡ್ಡಿ ಇತ್ತು. ಮೈಲಿಗಲ್ಲಿನ ಹತ್ತಿರ ಬಂದಾಗ ಗಾಡಿಯನ್ನು ಎತ್ತಿಗಿಂತ ನಿಧಾನ ನಡೆಸಿದೆ. ಅಪ್ಪನ ಟೊಪ್ಪಿಗೆ ಒಂದು ಗೀರಿಲ್ಲದೆ ಮನೆಗೆ ಬಂದಿತ್ತು. ಗುರಪ್ಪ ಒಂದು ಗೀರಿಲ್ಲದೆ ಮನೆಗೆ ಬಂದಿದ್ದ. ಅವ್ವ ಅಂಜಿದ ಆ ಗೀರನ್ನು ನಾನೂ ತಪ್ಪಾಗಿಯೇ ಓದಿದ್ದೆನೆಂದು ಅಲ್ಲಿ ತಿಳಿಯಿತು, ಅಪ್ಪನ ನೆನಪಾಗಿ ಅಳು ಬಂತು.

ಅವ್ವ ಬಾಗಿಲಲ್ಲಿಯೇ ಇದ್ದಳು. ಖಾಲಿ ಹ್ಯಾಂಡಲು ನೋಡಿ ಅವಳ ಮುಖ ಇಳಿಯಿತು. "ಅದರ ತಲಿ ಸಿಕ್ಕಿತು ಬೇ, ಗಟ್ಟಿಮುಟ್ಟ ಐತಿ. ಅದಕ್ಕಽ ಹಾಕಿ ಬಂದೆ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಛಲೋ ಮಾಡಿದಿ ಅಂದಾಳೆಂದು ಕಾದೆ.

"ಮತ್ತ ನಿನ್ನ ತಲಿಗಿ?" ಅಂದಳು.

ಹೆಲ್ಮೆಟ್ಟನ್ನು ಹೊಸ್ತಿಲು ದಾಟಗೊಡದವಳು ಅದಿಲ್ಲದೆ ನನ್ನನ್ನೇ ಹೊಸ್ತಿಲು ದಾಟಗೊಡದಾದಳು. ಪಂಪುಗಳು ಬರುವ ಲಾರಿಯವನಿಗೆ ಹೇಳಿ ಸೊಲ್ಲಾಪುರದಿಂದ ಹೊಸದೊಂದನ್ನು ತರಿಸಿದ ಮೇಲೆಯೇ ನನಗೆ ಬಿಡುಗಡೆ. ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯುವ ಆ ವಸ್ತುವನ್ನು ಅವಳು ಈ ಸಲ ತಾನೇ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಎಡಗಿವಿಯ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿ ಬೆರಳು ನಿಲ್ಲಲು ಜಾಗವಿರಲಿಲ್ಲ.

"ಇದಕ್ಕ ಒಂದ ಗೀರೂ ಇಲ್ಲಲ್ಲೋ" ಅಂದಳು. "ನಿಮ್ಮಪ್ಪನ ಟೊಪ್ಪಿಗೀಗೂ ಇರಲಿಲ್ಲ. ಹೆಂಗ ನಂಬಲಿ?"

ಆದರೂ ಅಪ್ಪನ ಟೊಪ್ಪಿಗೆಯ ಗೋಡೆಯನ್ನು ಬಿಟ್ಟು ಎದುರಿನ ಗೋಡೆಗೆ ಗೂಟ ಹೊಡೆಸಿ ಅವಳು ಅದನ್ನು ತೂಗುಹಾಕಿದ್ದಾಳೆ. ನಾನು ಹಳ್ಳಿಯಿಂದ ತಿರುಗಿ ಬಂದೊಡನೆ ಅದನ್ನು ಇಸಿದುಕೊಂಡು ಸುತ್ತಲೂ ಸವರಿ, ಗೆಣ್ಣಿನಿಂದ ಒಮ್ಮೆ ಬಡಿದು ನೋಡುತ್ತಾಳೆ. ಬಂದವರೆಲ್ಲ ಅಲ್ಲಿಗೇ ನಿಲ್ಲಿಸುತ್ತಾರೆ, ಅವ್ವ ನಿಲ್ಲಿಸುವುದಿಲ್ಲ. ನನ್ನನ್ನು ಬಗ್ಗಿಸಿ, ಬೆವರು ಆರದ ತಲೆಯನ್ನೂ ಸವರಿ, ಅದನ್ನೂ ಒಮ್ಮೆ ಬಡಿದು, ಆಮೇಲೆ ಊಟಕ್ಕೆ ಕೂಡ್ರುತ್ತಾಳೆ.