ಹಂಬಿಸನ ಹತ್ತು ಸೆಂಟಿಮೀಟರ್

ಗಾರೆ ಕೆಲಸದ ಹಂಬಿಸ್ ನನ್ನ ವಾರಿಗೆಯವನು. ನಲವತ್ತು ವರ್ಷ ಊರಿನ ಗೋಡೆಗಳಿಗೆಲ್ಲ ಗಾರೆ ಬಳಿದು ಬಲಭುಜ ಸವೆಸಿಕೊಂಡ. ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯೂ ಆಯಿತು. ಆದರೂ ನವೆಂಬರ್ ಬಂತೆಂದರೆ ಬುಧವಾರ, ಭಾನುವಾರ ಬೇಟೆಗೆ ಹೊರಡುವವರಲ್ಲಿ ಅವನೇ ಮೊದಲಿಗ. ನಮ್ಮದು ಮೂವರ ತಂಡ: ಅವನು, ಅವನ ತಂಗಿಯ ಗಂಡ ಪಿಯೆರಿಸ್, ಮೇಷ್ಟ್ರುಗಿರಿ ಮುಗಿಸಿ ಮನೆಯಲ್ಲಿ ಕೂತ ನಾನು. ಗುಡ್ಡದ ಇಳಿಜಾರಿನಲ್ಲಿ ಸಾಲಾಗಿ, ಒಬ್ಬರಿಗೊಬ್ಬರು ಕೂಗು ಹಾಕುತ್ತ ನಡೆಯುತ್ತೇವೆ. ಮೊಲ ಸಾಲನ್ನು ಸೀಳಿ ಹಿಂದಕ್ಕೆ ಓಡಿದರೆ ಕೋವಿಯ ಮೂತಿ ಆಕಾಶಕ್ಕೆತ್ತಬೇಕು, ಅದು ಪೂರ್ತಿ ದಾಟಿದ ಮೇಲೇ ಇಳಿಸಬೇಕು. ಇದನ್ನು ಯಾರೂ ಬರೆದು ಕೊಟ್ಟಿಲ್ಲ, ಅಪ್ಪಂದಿರು ಬೆನ್ನಿಗೆ ಗುದ್ದಿ ಕಲಿಸಿದ್ದು.

ಈ ಸಲ ಬೇಟೆ ಶುರುವಾಗಲು ಎರಡು ವಾರವಿದ್ದಾಗ ಹಂಬಿಸ್ ಕಾಫಿ ಅಂಗಡಿಯಲ್ಲಿ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಯಾರಿಗೂ ಹೇಳ್ಬೇಡಿ ಮೇಷ್ಟ್ರೇ. ಹೋದ ವರ್ಷ ಆ ಕ್ಯಾರಬ್ ಮರದ ಹತ್ರ ನಾನು ಹೊಡೆದದ್ದು ಪಿಯೆರಿಸ್ ತಲೆ ಸವರ್ಕೊಂಡು ಹೋಯ್ತು. ಮೊಲ ತಿರುಗ್ತು, ಕೋವಿನೂ ಅದರ ಜೊತೆ ತಿರುಗ್ತು. ನಿಲ್ಲಿಸೋಕೆ ಹೋದ್ರೆ ಭುಜ ಮಾತು ಕೇಳ್ಲಿಲ್ಲ."

"ಅವನಿಗೆ ಗೊತ್ತಾ?"

"ಗೊತ್ತಿದ್ರೆ ನನ್ನ ಮಾತಾಡಿಸ್ತಿದ್ನಾ? ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ. ಅಪ್ಪನ ಹಳೇ ಜೋಡಿನಳಿಗೆ ಕೋವಿ ಬಲು ಭಾರ. ಇಟಲಿಯಿಂದ ಬಂದಿರೋ ಹೊಸದು ತಗೋತೀನಿ. ಹಗುರ, ತೋಟಾನೂ ತಾನೇ ಏರಿಸ್ಕೊಳ್ಳುತ್ತೆ."

ಹೇಳಿದರೆ ಹಂಬಿಸ್ ಸಾಲಿನಿಂದ ಹೊರಗೆ. ಹೇಳದಿದ್ದರೆ ಪಿಯೆರಿಸನ ಜೀವಕ್ಕೆ ನಾನೇ ಹೊಣೆ. ಹೇಡಿಯ ಹಾಗೆ ಸುಮ್ಮನಿದ್ದೆ.

ಶನಿವಾರ ಪಿಯೆರಿಸನ ಪಿಕಪ್ಪಿನಲ್ಲೇ ಲಿಮಸೋಲ್ ಪಟ್ಟಣದ ಕೋವಿ ಅಂಗಡಿಗೆ ಹೋದೆವು. ಕೋವಿ ಕೊಳ್ಳಲು ನಮ್ಮಲ್ಲಿ ಯಾರೂ ಒಬ್ಬರೇ ಹೋಗುವುದಿಲ್ಲ. ಅಂಗಡಿಯವನು ಒಂದೇ ಕೋವಿಗೆ ಹೊಂದುವ ಮೂರು ನಳಿಗೆಗಳನ್ನು ಗಾಜಿನ ಮೇಲಿಟ್ಟ: ಅರವತ್ತಾರು, ಎಪ್ಪತ್ತೊಂದು, ಎಪ್ಪತ್ತಾರು ಸೆಂಟಿಮೀಟರ್. ಹಂಬಿಸನ ಕೈ ಸೀದಾ ಉದ್ದದ್ದಕ್ಕೆ ಹೋಯಿತು.

"ಅಪ್ಪನದೂ ಎಪ್ಪತ್ತಾರು. ಉದ್ದ ಇದ್ರೆ ಚರೆ ದೂರ ಹೋಗುತ್ತೆ."

"ಈಗಿನ ಮದ್ದಿಗೆ ಅಷ್ಟುದ್ದ ಬೇಕಿಲ್ಲ," ಎಂದ ಅಂಗಡಿಯವನು. "ನಿಮ್ಮ ಪೊದೆ, ಮುಳ್ಳಿಗೆ ಗಿಡ್ಡದೇ ಸರಿ. ಬೇಗ ತಿರುಗುತ್ತೆ, ಬೇಗ ನಿಲ್ಲುತ್ತೆ."

"ಅದನ್ನ ಹಿಡ್ಕೊಂಡು ಹೋದ್ರೆ ಊರಲ್ಲಿ ಕೊಡೆ ತಂದ್ಯಾ ಅಂತಾರೆ."

ಅಂಗಡಿಯವನು ವಾದ ಮಾಡಲಿಲ್ಲ. ಖಾಲಿ ಕೋವಿಗೆ ಉದ್ದದ್ದನ್ನೇ ಸಿಕ್ಕಿಸಿ, ಬರಿಗೋಡೆಯ ಮೇಲಿನ ಕೆಂಪು ಚುಕ್ಕಿ ತೋರಿಸಿದ. "ಕಣ್ಣು ಮುಚ್ಚಿ ಎಡದಿಂದ ತಿರುಗಿಸಿ. ಚುಕ್ಕಿ ಬಂತು ಅನ್ನಿಸಿದಾಗ ನಿಲ್ಲಿಸಿ, ಕಣ್ಣು ಬಿಡಿ."

ಮೂತಿ ಚುಕ್ಕಿಯನ್ನು ದಾಟಿ ಎರಡು ಮೊಳ ಆಚೆ ಹೋಗಿ ನಿಂತಿತು. ಮೂರು ಸಲವೂ ಹಾಗೆಯೇ. ಕಣ್ಣು ಬಿಟ್ಟವನ ಹಣೆಯಲ್ಲಿ ಬೆವರು. "ಇನ್ನೊಂದ್ಸಲ," ಎಂದ. ನನಗೆ ತಡೆಯಲಾಗಲಿಲ್ಲ, ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಿಯೆರಿಸ್ ತನ್ನ ಉಣ್ಣೆಯ ಟೋಪಿ ತೆಗೆದು ಗಾಜಿನ ಮೇಲಿಟ್ಟ. ನೆತ್ತಿಯ ಹತ್ತಿರ ಎರಡು ಸಣ್ಣ ತೂತು, ದಾರದಲ್ಲಿ ಹೊಲಿದದ್ದು.

"ನಿನ್ನ ತಂಗಿಗೆ ಹುಳ ತಿಂದಿದ್ದು ಅಂತ ಹೇಳಿದೀನಿ. ಗಿಡ್ಡದು ತಗೋ ಭಾವ."

ಹಂಬಿಸ್ ಕೋವಿ ಕೆಳಗಿಟ್ಟ.

"ವರ್ಷ ಪೂರ್ತಿ ಸುಮ್ನಿದ್ಯಾ?"

"ಹೇಳಿದ್ರೆ ನೀನು ಬೇಟೆ ಬಿಡ್ತಿದ್ದೆ. ಆಮೇಲೆ ಮನೇಲಿ ಕೂತು ನಮ್ಮೆಲ್ಲರ ತಲೆ ತಿಂತಿದ್ದೆ."

"ಇನ್ಮೇಲೆ ಮೇಷ್ಟ್ರ ಪಕ್ಕ ನಿಲ್ತೀನಿ. ನಿನ್ನ ಪಕ್ಕ ಬೇಡ."

"ನಿನ್ನ ಭುಜ ಯಾವಾಗ ಹಟ ಹಿಡಿಯುತ್ತೆ ಅಂತ ಮೇಷ್ಟ್ರಿಗೆ ಗೊತ್ತಾಗಲ್ಲ. ನಂಗೆ ಗೊತ್ತು. ನನ್ನ ಪಕ್ಕನೇ ನಿಲ್ಲು."

ಹಂಬಿಸ್ ಅರವತ್ತಾರರದನ್ನೇ ಕೊಂಡ.

ಮೊದಲ ಭಾನುವಾರ, ಅದೇ ಕ್ಯಾರಬ್ ಮರದ ಬಳಿ, ಮೊಲವೊಂದು ಪೊದೆಯಿಂದ ಹಾರಿ ಪಿಯೆರಿಸ್ ಇದ್ದ ಕಡೆಗೇ ಓಡಿತು. ಹಂಬಿಸನ ಕೋವಿ ಅದರ ಜೊತೆ ತಿರುಗತೊಡಗಿತು. ಆ ಹೊಲಿದ ಟೋಪಿಯ ನೇರಕ್ಕೆ ಬರುವ ಎಷ್ಟೋ ಮೊದಲೇ ಮೂತಿ ಗಕ್ಕನೆ ನಿಂತು ಆಕಾಶಕ್ಕೇರಿತು.

"ದಾಟ್ತು, ಹೊಡಿ ಭಾವ," ಎಂದು ಪಿಯೆರಿಸ್ ಕೂಗಿದ.

ಹಂಬಿಸ್ ಹೊಡೆಯಲಿಲ್ಲ. ತೋಟಾ ತೆಗೆದು ಜೇಬಿಗೆ ಹಾಕಿ, ಕಲ್ಲಿನ ಮೇಲೆ ಕೂತು ಅತ್ತ. ಪಿಯೆರಿಸ್ ಬಂದು ಪಕ್ಕದಲ್ಲಿ ಕೂತು ಸಿಗರೇಟು ತುಟಿಗಿಟ್ಟ. ಮೂರು ಕಡ್ಡಿ ಗೀರಿದ, ಮೂರೂ ಅವನ ಕೈಯಲ್ಲೇ ಮುರಿದವು. ಕೊನೆಗೆ ಹಂಬಿಸನೇ ಕಣ್ಣೊರೆಸಿಕೊಂಡು ಹಚ್ಚಿಕೊಟ್ಟ.