ಡ್ರಾಫ್ಟಿನ ಬೆನ್ನಿಗೆ ಹಾಕಿಸಿದ ಸೈ

ಯುದ್ಧ ಮುಗಿದ ಹೊಸತು. ನನಗೆ ಹದಿನಾಲ್ಕು ವರ್ಷ. ಬಡಗಿಯಾಗಿದ್ದ ಅಪ್ಪ ಪರ್ಷಿಯಾ ಕಡೆಯ ಎಣ್ಣೆ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಮೂರು ತಿಂಗಳಿಗೊಮ್ಮೆ ಅವರು ಕಳಿಸುತ್ತಿದ್ದ ಡ್ರಾಫ್ಟಿನಿಂದಲೇ ಹಲಸೂರಿನ ಬಾಡಿಗೆ ಮನೆಯೂ ನನ್ನ ಕಾನ್ವೆಂಟ್ ಓದೂ ನಡೆಯುತ್ತಿದ್ದವು. ಪೌಂಡನ್ನು ರೂಪಾಯಿ ಮಾಡಿಕೊಡುವಷ್ಟರಲ್ಲಿ ದಂಡು ಪ್ರದೇಶದ ಬ್ಯಾಂಕಿನವರು ಕಮಿಷನ್ ಅಂತ ಒಂದಿಷ್ಟು, ಅಂಚೆ ಖರ್ಚು ಅಂತ ಒಂದಿಷ್ಟು, ಸ್ಟಾಂಪಿಗೆ ಅಂತ ಇನ್ನೊಂದಿಷ್ಟು ಮುರಿದುಕೊಳ್ಳುತ್ತಿದ್ದರು. ಅಪ್ಪ ಅಲ್ಲಿ ಬೆವರು ಸುರಿಸುವುದು ಇವರ ಮೇಜಿಗೆ ಪಾಲಿಶ್ ಹಾಕಿಸಲಿಕ್ಕೇನೋ ಎಂದು ನನಗೆ ಮೈ ಉರಿಯುತ್ತಿತ್ತು.

ಅದಕ್ಕಿಂತ ಸಹಿಸಲಾಗದ್ದು ಅಮ್ಮನ ಹೆಬ್ಬೆಟ್ಟು. ಅಪ್ಪ ಹೊರಡುವ ಮೊದಲು ಸೈ ಬದಲು ಅದರ ಗುರುತನ್ನೇ ಬ್ಯಾಂಕಿನಲ್ಲಿ ಕೊಡಿಸಿಹೋಗಿದ್ದರು. ಪ್ರತಿ ಸಲವೂ ಗುಮಾಸ್ತ ಅವಳ ಬೆರಳು ಹಿಡಿದು ಮಸಿಗೆ ಒತ್ತುತ್ತಿದ್ದ. ಅವಳು ಎಲ್ಲರೆದುರೇ ಆ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ಅಲ್ಲೇ ನಿಂತು ನೋಡಿದಳು. ನಾನು ಕಂಬದ ಹಿಂದೆ ಸರಿದೆ.

ಅಂದು ಸಂಜೆಯೇ ಅಮ್ಮನ ಕೈಗೆ ಸ್ಲೇಟು ಕೊಟ್ಟೆ.

"ಈ ವಯಸ್ನಲ್ಲಿ ನಂಗ್ಯಾಕೇ ಇದೆಲ್ಲಾ?" ಎಂದಳು.

"ಇನ್ನೊಂದ್ಸಲ ಹೆಬ್ಬೆಟ್ಟು ಒತ್ತಿದ್ರೆ ನಾನ್ ನಿನ್ ಜೊತೆ ಬರಲ್ಲ" ಎಂದು ಹೆದರಿಸಿದೆ.

ನಾಲ್ಕಕ್ಷರದ ಹೆಸರು ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಮುಂದಿನ ಡ್ರಾಫ್ಟ್ ಬಂದಾಗ ಎರಡು ತಿಂಗಳ ಬಾಡಿಗೆ ಬಾಕಿಯಿತ್ತು. ತಿಂಗಳೊಳಗೆ ಕೊಡದಿದ್ದರೆ ಖಾಲಿ ಮಾಡಿ ಎಂದು ಮನೆಯ ಯಜಮಾನರು ಹೇಳಿಯಾಗಿತ್ತು. ನಾನು ಮನೆಯಲ್ಲೇ ಡ್ರಾಫ್ಟಿನ ಬೆನ್ನಿಗೆ ಸೈ ಹಾಕಿಸಿ, ಜಂಬದಿಂದ ಅವಳನ್ನು ಕರೆದುಕೊಂಡು ಹೋದೆ.

ಗುಮಾಸ್ತ ಅದನ್ನು ತಿರುಗಿಸಿ ನೋಡಿದ. "ಏನಮ್ಮಾ ಇದು? ನಮ್ಮತ್ರ ಇರೋದು ಹೆಬ್ಬೆಟ್ಟು. ಈ ಸೈ ಯಾರ್ದು ಅಂತ ನಾವೇನ್ ಕಂಡ್ವಿ? ಇದು ಕ್ಯಾನ್ಸಲ್ ಆಗಿ ವಾಪಸ್ ಹೋಗ್ಬೇಕು, ಹೊಸದು ಬರ್ಬೇಕು. ಹೋಗೋ ಚಾರ್ಜು, ಬರೋ ಚಾರ್ಜು ಎರಡೂ ನಿಮ್ದೇ."

ಈಗಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ವಾದಿಸಿದೆ. "ಒಂದ್ಸಲ ಸೈ ಬಿದ್ಮೇಲೆ ಆಗಲ್ಲ" ಎಂದು ಅವನು ಕನ್ನಡದಲ್ಲೇ ಹೇಳಿದ.

ತಿಂಗಳು ತುಂಬುವುದರೊಳಗೆ ಹಲಸೂರು ಬಿಟ್ಟು, ಬಾಣಸವಾಡಿಯಲ್ಲಿ ಸೋದರಮಾವನ ಕೊಟ್ಟಿಗೆ ಪಕ್ಕದ ಕೋಣೆ ಸೇರಿದೆವು. ಹೊಸ ವಿಳಾಸವನ್ನೂ ಆದ ಕಥೆಯನ್ನೂ ಅಪ್ಪನಿಗೆ ತಿಳಿಸಬೇಕಿತ್ತು. ಅಮ್ಮನ ಕಾಗದಗಳನ್ನು ಬರೆಯುತ್ತಿದ್ದವಳು ನಾನೇ. ಅವಳು ಗೋಡೆಗೊರಗಿ ಕೂತು ಹೇಳತೊಡಗಿದಳು.

"ಸೈ ಹಾಕ್ಬೇಕು ಅಂತ ನಂಗೇ ಹುಚ್ಚು ಹಿಡ್ದಿತ್ತು. ಮಗು ಬೇಡ ಬೇಡ ಅಂದ್ರೂ ನಾನೇ ಕೇಳ್ಲಿಲ್ಲ. ಬೈಯೋದಿದ್ರೆ ನನ್ನ ಬೈರಿ."

ನಾನು ತಲೆಯೆತ್ತಿದೆ.

"ಬರಿಯೇ" ಎಂದಳು.

ಅಪ್ಪನ ಕೋಪ ಎಂಥದೆಂದು ನನಗೆ ಗೊತ್ತಿತ್ತು. ಒಂದು ಪದವನ್ನೂ ಬದಲಿಸದೆ, ದುಂಡಗಿನ ಅಕ್ಷರದಲ್ಲಿ ಬರೆದೆ. ಸರಿಯಾಗಿದೆಯೇ ಎಂದು ಅವಳಿಗೆ ಓದಿಯೂ ಹೇಳಿದೆ.