ಎತ್ತಿನ ಬಾಲಕ್ಕೆ ಕಟ್ಟಿದ ಗ್ರೈಂಡರ್

ಹುಳಿ ಬಂದ ದೋಸೆಹಿಟ್ಟಿನ ವಾಸನೆ ಬಂದರೆ ನಿಮಗೆ ಹಸಿವಾಗುತ್ತದೆ. ನನಗೆ ಒಂದು ವರ್ಷದಿಂದ ಅಂಗೈ ಬೆವರುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ನನ್ನ ಹೆಂಡತಿ ಸುಮಾ ಡ್ರಮ್ಮಿನ ಮುಚ್ಚಳ ತೆಗೆದಳು, ಉಬ್ಬಿದ ಹಿಟ್ಟು ಉಸ್ಸೆಂದಿತು, ನಾನು ಕಾಫಿ ಲೋಟ ಹಿಡಿದುಕೊಂಡೇ ಬಲಗಾಲಲ್ಲಿ ಬ್ರೇಕ್ ಒತ್ತಿದೆ. ಕಾಲ ಕೆಳಗಿದ್ದದ್ದು ಅಡುಗೆಮನೆಯ ನೆಲ.

"ಮತ್ತೆ ಶುರುವಾಯ್ತಾ?" ಎಂದಳು ಸುಮಾ. ಆದರೆ ಅವಳ ಕೈಯೂ ಮುಚ್ಚಳದ ಮೇಲೆ ಒಂದು ಕ್ಷಣ ನಿಂತಿತ್ತು.

ಅಡಿಲೇಡಿನ ನಮ್ಮ ಕನ್ನಡದವರ ಗುಂಪು ವರ್ಷಕ್ಕೊಮ್ಮೆ ಬೆಡ್‌ಫರ್ಡ್ ಪಾರ್ಕಿನ ಏರಿನ ಮೇಲಿರುವ ಹಾಲ್‌ನಲ್ಲಿ ದೋಸೆ ಊಟ ಇಟ್ಟುಕೊಳ್ಳುತ್ತದೆ. ಅದಕ್ಕೊಂದು ಶಾಸ್ತ್ರವಿದೆ: ಚಟ್ನಿಯನ್ನು ಅಲ್ಲೇ, ಆಗಲೇ, ಕಲ್ಲಿನ ಗ್ರೈಂಡರಿನಲ್ಲೇ ರುಬ್ಬಬೇಕು. ಮಿಕ್ಸಿಯಲ್ಲಿ ಮಾಡಿದ್ದನ್ನು ನಮ್ಮ ಆಂಟಿಯರು ಚಟ್ನಿಯೆಂದು ಒಪ್ಪುವುದಿಲ್ಲ, ಪೇಸ್ಟ್ ಎನ್ನುತ್ತಾರೆ. ಹಾಗಾಗಿ ಬ್ಲೇರ್ ಅಥಾಲ್‌ನ ನಮ್ಮ ಗರಾಜಿನಲ್ಲಿ ಕೂತಿರುವ, ಇಬ್ಬರು ಎತ್ತಿದರೆ ನೋಡುತ್ತ ನಿಂತ ಮೂರನೆಯವನ ಸೊಂಟ ಹಿಡಿಯುವಂಥ ಗ್ರೈಂಡರ್ ವರ್ಷಕ್ಕೊಮ್ಮೆ ಊರಿನ ಈ ತುದಿಯಿಂದ ಆ ತುದಿಗೆ ಯಾತ್ರೆ ಹೊರಡುತ್ತದೆ.

ಹೋದ ವರ್ಷ ಗೆಳೆಯ ಪ್ರಸನ್ನ ಹೊಸ ಎಸ್‌ಯುವಿ ಕೊಂಡಿದ್ದ. ಅದರ ಹಿಂಬದಿಯಲ್ಲಿ, ಟ್ರೇಲರ್ ಸಿಕ್ಕಿಸುವ ಜಾಗಕ್ಕೆ, ಪುಟ್ಟ ಮಂಚದಂಥ ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದ. ಟ್ರೇಲರಿಗಾದರೆ ತನ್ನದೇ ಚಕ್ರಗಳಿರುತ್ತವೆ. ಇದಕ್ಕೆ ಚಕ್ರವಿಲ್ಲ, ಕಾಲಿಲ್ಲ. ಒಂದೇ ಕಬ್ಬಿಣದ ತೋಳಿನ ಮೇಲೆ ಗಾಳಿಯಲ್ಲಿ ನಿಂತಿರುತ್ತದೆ.

"ಎಷ್ಟು ತಡೆಯುತ್ತೆ ನೋಡು ಗುರು," ಎಂದ ಪ್ರಸನ್ನ.

ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ಕಾರಿನ ಮ್ಯಾನುಯಲ್ ತೆರೆದು, ಗಂಟಲು ಸರಿಮಾಡಿಕೊಂಡು, ತೀರ್ಪು ಕೊಡುವವನಂತೆ ಓದಿದೆ: "ಎರಡು ಸಾವಿರ ಕೆಜಿ!"

"ಹಾಗಾದ್ರೆ ಆಂಟಿಯರನ್ನೂ ಇದರ ಮೇಲೇ ಕೂರಿಸ್ಬಿಡೋಣ!"

ಗ್ರೈಂಡರ್ ಹತ್ತಿತು. ಹಿಟ್ಟಿನ ಎರಡು ಡ್ರಮ್ಮು, ದೋಸೆ ಕಾವಲಿ, ಮಡಚುವ ಮೇಜುಗಳು, ಎಲ್ಲ ಹತ್ತಿದವು. ಪಕ್ಕದ ಮನೆಯ ಆಲ್ವಿನ್ ಅಂಕಲ್ ಬೇಲಿಯಾಚೆಯಿಂದ ನೋಡುತ್ತಿದ್ದರು. ಉಡುಪಿ ಕಡೆಯವರು, ಗಲ್ಫಿನ ಬಂದರಿನಲ್ಲಿ ವರ್ಷಗಟ್ಟಲೆ ಕ್ರೇನ್ ನಡೆಸಿ, ಆಮೇಲೆ ಇಲ್ಲಿಗೆ ಬಂದವರು.

"ಎಂತ ಮಾರಾಯ ಇದು? ಗಾಡಿಗೆ ಹಾಕುವ ಮೂಟೆಯನ್ನು ಎತ್ತಿನ ಬಾಲಕ್ಕೆ ಕಟ್ಟಿದ ಹಾಗೆ ಉಂಟಲ್ಲ!"

"ಬುಕ್ಕಲ್ಲೇ ಬರ್ದಿದೆ ಅಂಕಲ್."

"ಹಾಗಾದ್ರೆ ಆ ಬುಕ್ಕನ್ನೇ ಕಟ್ಟು," ಎಂದು ಒಳಗೆ ಹೋದರು. ನಾವು ನಕ್ಕೆವು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ನನ್ನದೇ ಎಲ್ಲರಿಗಿಂತ ಜೋರು.

ಪ್ರಸನ್ನ ಮುಂದೆ, ನಾನೂ ಸುಮಾಳೂ ನಮ್ಮ ಕಾರಿನಲ್ಲಿ ಹಿಂದೆ. ಪ್ರಸನ್ನನ ಮಗಳು, ಏಳು ವರ್ಷದ ಅನ್ವಿ, ಹಿಂದಿನ ಸೀಟಿನಿಂದ ಕತ್ತು ತಿರುಗಿಸಿ ನನಗೆ ಕೈ ಬೀಸುತ್ತಿದ್ದಳು. ಸಮತಟ್ಟಿನ ರಸ್ತೆ ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ಏರು ಶುರುವಾದದ್ದೇ ಅವನ ಕಾರಿನ ಹಿಂಭಾಗ ಕುಸಿದು, ಮೂತಿ ಮೇಲೆದ್ದಿತು. ತಿರುವಿನಲ್ಲಿ ಅದು ತಿರುಗಲಿಲ್ಲ. ನಿಧಾನವಾಗಿ, ಯಾರೋ ಕರೆದ ಹಾಗೆ, ರಸ್ತೆಯ ನಡುಗೆರೆ ದಾಟಿ ಆಚೆ ಸರಿಯಿತು. ಎದುರಿಗೆ ಬಸ್ಸು. "ಸ್ಟೀರಿಂಗ್ ಕೈಯಲ್ಲೇ ಇತ್ತು ಕಣೋ, ರೋಡು ಮಾತ್ರ ಕೈಯಲ್ಲಿರ್ಲಿಲ್ಲ," ಎಂದು ಪ್ರಸನ್ನ ಆಮೇಲೆ ಹೇಳಿದ. ಬಸ್ಸಿನವನು ಹಾರ್ನ್ ಒತ್ತುತ್ತ ಬದಿಗೆಳೆದ. ಅದೇ ಹೊತ್ತಿಗೆ ಕ್ಯಾರಿಯರಿನ ತೋಳು ಬಾಗಿ, ಮುರಿದು, ಕಿಡಿ ಹಾರಿಸುತ್ತ ನೆಲಕ್ಕೆ ಬಿತ್ತು. ಡ್ರಮ್ಮು ಒಡೆದು ಹಿಟ್ಟೆಲ್ಲ ನನ್ನ ಗಾಜಿನ ಮೇಲೆ.

ಲೋಕವೇ ಬೆಳ್ಳಗಾಯಿತು. ಬ್ರೇಕ್ ಒತ್ತಿ ವೈಪರ್ ಹಾಕಿದೆ. ಅದು ಗಾಜಿನ ಮೇಲೆ ಅಚ್ಚುಕಟ್ಟಾಗಿ ದೋಸೆ ಹುಯ್ದಿತು. ಆ ಬಿಳುಪಿನೊಳಗೆ ಏನೋ ದೊಡ್ಡದು ಇಳಿಜಾರಿನಲ್ಲಿ ಗಡಗಡ ಉರುಳುತ್ತ ಬಂದು, ಸುಮಾಳ ಬಾಗಿಲಿನ ಪಕ್ಕದಲ್ಲೇ ಹಾದು, ರಸ್ತೆಯಂಚಿನ ಕಲ್ಲಿಗೆ ಢಣ್ ಎಂದು ಬಡಿದು ನಿಂತಿತು. ನಮ್ಮ ಗ್ರೈಂಡರ್. ಅದಕ್ಕೂ ಸುಮಾಳಿಗೂ ನಡುವೆ ಇದ್ದದ್ದು ಒಂದು ಮೊಳ.

ಪ್ರಸನ್ನನ ಕಾರು ಬದಿಗೆ ನಿಂತಿತ್ತು. ಅನ್ವಿ ಇಳಿದು ಬಂದಳು. ಅವಳು ಅಳಲಿಲ್ಲ. ನನ್ನ ಮುಖ ನೋಡಿ, "ಅಂಕಲ್, ಯು ಸೆಡ್ ಟೂ ಥೌಸಂಡ್," ಎಂದಳು. ಅಷ್ಟೇ. ಆಮೇಲೆ ವರ್ಷವಿಡೀ ಅವಳು ನನ್ನ ಕಾರು ಹತ್ತಲಿಲ್ಲ. ಆ ಮಧ್ಯಾಹ್ನ ನೂರು ಜನ ಕನ್ನಡಿಗರು ಪಿಜ್ಜಾ ತಿಂದರು.

ಮರುದಿನ ಆಲ್ವಿನ್ ಅಂಕಲ್ ಅದೇ ಮ್ಯಾನುಯಲ್ ತರಿಸಿಕೊಂಡು ಪುಟ ತಿರುಗಿಸಿದರು. "ನೀನು ಓದಿದ್ದು ಎಳೆಯುವ ತೂಕ. ಹೊರುವ ತೂಕ ಇಲ್ಲಿ ಉಂಟು ನೋಡು." ಸಣ್ಣ ಅಕ್ಷರದಲ್ಲಿ ಇನ್ನೂರು ಕೆಜಿ. ಮುರಿದ ಕ್ಯಾರಿಯರಿಗೆ ಅಂಟಿಸಿದ್ದ ಸೂಚನೆಯ ತಗಡಿನ ಮೇಲಂತೂ ಬರೀ ನೂರು. "ಇದ್ದದ್ದರಲ್ಲಿ ಚಿಕ್ಕ ಸಂಖ್ಯೆಯೇ ಯಜಮಾನ. ಕಾರಿನ ಲೆಕ್ಕದಲ್ಲಿ ಕ್ಯಾರಿಯರಿನ ಸ್ವಂತ ತೂಕವನ್ನೂ ಸೇರಿಸಬೇಕು. ತೂಗಿ ಮಾತಾಡು ಅಂತಾರೆ. ತೂಗಿ ಕಟ್ಟು ಅಂತ ಯಾರೂ ಹೇಳ್ಲಿಲ್ವಾ ನಿನಗೆ?"

ನೋಡಿ, ಎಳೆಯುವುದು ಬೇರೆ, ಹೊರುವುದು ಬೇರೆ ಎನ್ನುವುದು ಎತ್ತು ಕಂಡ ಯಾರಿಗಾದರೂ ಗೊತ್ತು. ಎರಡಕ್ಕೂ ಬೇರೆ ಬೇರೆ ಮಾತಿರುವ ಭಾಷೆಯಲ್ಲಿ ಹುಟ್ಟಿ, ಪದವಿ ಪಡೆದ ನನಗೆ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಗರಾಜಿನಲ್ಲಿ ಬಾತ್‌ರೂಮಿನ ತೂಕದ ಯಂತ್ರ ತಂದಿಟ್ಟೆ. ಕ್ಯಾರಿಯರಿಗೆ ಹೋಗುವ ಒಂದೊಂದು ವಸ್ತುವನ್ನೂ ಅಪ್ಪಿಕೊಂಡು ಅದರ ಮೇಲೆ ನಿಲ್ಲುವುದು, ಬಂದದ್ದರಲ್ಲಿ ನನ್ನ ತೂಕ ಕಳೆಯುವುದು. ನನ್ನ ತೂಕ ಎಂಬತ್ತೇಳು ಎಂದು ಬೀದಿಗೆಲ್ಲ ತಿಳಿಯಿತು. "ಮೊದ್ಲು ನಿನ್ನನ್ನ ಇಳಿಸ್ಬೇಕು ಗುರು," ಎಂದ ಪ್ರಸನ್ನ. ಗ್ರೈಂಡರ್ ಪ್ರಸನ್ನನ ಕಾರಿನೊಳಗೆ, ಸೀಟಿನ ಬೆನ್ನಿಗೆ ಒತ್ತಿ ಬಿಗಿಯಾಗಿ ಕಟ್ಟಿಸಿಕೊಂಡು ಕೂತಿತು. ಡ್ರಮ್ಮುಗಳು ಬೇರೆಯವರ ಕಾರುಗಳಿಗೆ ಹೋದವು. ನೂರು ಕೆಜಿ ಹೊರುವ ಹೊಸ ಕ್ಯಾರಿಯರಿನ ಮೇಲೆ ಕಾವಲಿ, ಮೇಜುಗಳು ಮಾತ್ರ: ಅರವತ್ತೆಂಟು ಕೆಜಿ.

ಪ್ರಸನ್ನ ಕೀಲಿಯನ್ನು ನನ್ನ ಕೈಗೆ ಹಾಕಿದ. "ನೀನೇ ಓಡಿಸು." ಅನ್ವಿ ಬಾಗಿಲ ಹತ್ತಿರ ನಿಂತಿದ್ದಳು.

"ಡಿಡ್ ಯು ವೇ ಇಟ್, ಅಂಕಲ್?"

"ತೂಗಿದೆ ಪುಟ್ಟಿ. ಅರವತ್ತೆಂಟು."

"ಈವನ್ ದ ಕ್ಯಾರಿಯರ್?"

"ಅದನ್ನೂ ತೂಗಿದೆ. ಇಪ್ಪತ್ತೆರಡು."

ಅವಳು ಬೆರಳು ಮಡಚಿ ಕೂಡಿದಳು, ಇನ್ನೊಮ್ಮೆ ಕೂಡಿದಳು, ಹತ್ತಿ ಕೂತಳು. ಯಾವ ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಏರು ಬಂತು. ಕಾರಿನ ಮೂತಿ ಏಳಲಿಲ್ಲ. ತಿರುವು ಬಂತು, ತಿರುಗಿಸಿದೆ, ತಿರುಗಿತು. ಎದುರಿಗೆ ಬಸ್ಸೂ ಬಂತು. ಅದು ಅದರ ಪಾಡಿಗೆ, ನಾವು ನಮ್ಮ ಪಾಡಿಗೆ. ರಸ್ತೆಯಂಚಿನ ಕಲ್ಲಿನಲ್ಲಿ ಹೋದ ವರ್ಷದ ಚಕ್ಕೆ ಎದ್ದ ಗುರುತು ಹಾಗೇ ಇತ್ತು. ಅದನ್ನು ದಾಟುವಾಗ ಹಿಂದಿನಿಂದ ಅನ್ವಿ ಹೇಳಿದಳು, "ವಿ ಆರ್ ಸ್ಟ್ರೇಟ್, ಅಂಕಲ್."

ಹಾಲ್ ಮುಂದೆ ಆಲ್ವಿನ್ ಅಂಕಲ್ ಕುಕ್ಕರಗಾಲಲ್ಲಿ ಕೂತು ಕ್ಯಾರಿಯರಿನ ಅಡಿ ಇಣುಕಿದರು, ತೋಳನ್ನು ತಟ್ಟಿದರು. "ಸರಿ ಉಂಟು," ಎಂದರು. ಅವರ ಬಾಯಿಂದ ಅದು ಬಿರುದು. ಒಳಗೆ ಗ್ರೈಂಡರ್ ಗುರುಗುಟ್ಟಿತು, ಆಂಟಿಯರು ಚಟ್ನಿಯನ್ನು ಚಟ್ನಿಯೆಂದು ಒಪ್ಪಿದರು. ಸುಮಾ ಕಾದ ಕಾವಲಿಯ ಮೇಲೆ ಮೊದಲ ಸೌಟು ಹುಯ್ದಳು. ಚುಂಯ್ ಎಂದಿತು. ಹುಳಿ ವಾಸನೆ ಮೂಗಿಗೆ ಬಡಿಯಿತು.

ನನಗೆ ಹಸಿವಾಯಿತು.